ಹದಿನಾರನೆಯ ಸಾಲು

ಆರ್ಡಿತ್ ರಸ್ತೆಬದಿಯ ಚರಿತ್ರೆಯ ಫಲಕಗಳನ್ನು ಗಟ್ಟಿಯಾಗಿ ಓದುತ್ತಾಳೆ. ಕಾರು ನಿಂತ ಕೂಡಲೇ ಇಳಿದು, ಗಾಳಿಗೆ ಹಾರದಂತೆ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಮೊದಲ ಅಕ್ಷರದಿಂದ ಕೊನೆಯ ಇಸವಿಯವರೆಗೆ, ಭಾನುವಾರ ಚರ್ಚಿನಲ್ಲಿ ಪಾಠ ಓದುವಾಗಿನ ಅದೇ ದನಿಯಲ್ಲಿ. ಕೇಳುವವನು ಡೆಲ್ಮರ್ ಒಬ್ಬನೇ. ಅವನೋ ಮೂವತ್ತೈದು ವರ್ಷ ಇಂಥ ಫಲಕಗಳ ಒಕ್ಕಣೆ ಬರೆದೇ ಹೊಟ್ಟೆ ಹೊರೆದವನು, ಕಳೆದ ತಿಂಗಳಷ್ಟೇ ಟ್ಯಾಮ್ಸೆನ್ ಕೌಂಟಿಯ ಚರಿತ್ರೆ ಸಂಘದಿಂದ ನಿವೃತ್ತಿಯ ಕಾಣಿಕೆಯಾಗಿ ಒಂದು ಗೋಡೆ ಗಡಿಯಾರ ಪಡೆದು ಮನೆಗೆ ಬಂದವನು. ತಾನು ಬರೆದದ್ದನ್ನು ಹೆಂಡತಿ ಹೀಗೆ ಬಿಸಿಲಲ್ಲಿ ನಿಂತು ಓದುವಾಗ ಅವನಿಗೆ ಹೆಮ್ಮೆಯಾಗಬೇಕಿತ್ತು. ಆಗುತ್ತಿದ್ದುದು ಬೇರೆ. ಯಾರೋ ತನ್ನ ಹಳೆಯ ಕೋಟುಗಳ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದು ನೋಡುತ್ತಿದ್ದಾರೆ ಅನ್ನಿಸಿ, ಅವನು ಕಾರಿನ ಟೈರು ನೋಡುವ ನೆಪದಲ್ಲಿ ಬಗ್ಗಿಬಿಡುತ್ತಿದ್ದ. ಮೂರು ದಿನದಲ್ಲಿ ಅವನು ಟೈರುಗಳನ್ನು ನೋಡಿದಷ್ಟು ಯಾವ ಬಂಡೆಯನ್ನೂ ನೋಡಿರಲಿಲ್ಲ.

ಪ್ರವಾಸದ ಪಟ್ಟಿ ಅವಳದು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಒಂದರಿಂದ ಹದಿನಾಲ್ಕರವರೆಗೆ ಬರೆದುಕೊಂಡು ಬಂದಿದ್ದಳು. ಚಿಮಣಿಯಂತೆ ನೆಟ್ಟಗೆ ನಿಂತ ಬಂಡೆ, ಗಾಡಿಗಳ ಚಕ್ರ ಸವೆಸಿದ ಕಲ್ಲಿನ ಜಾಡು, ನಾಯಿಕೊಡೆಯ ಆಕಾರದ ಕಲ್ಲುಗಳು, ಹಳೆಯ ಕೋಟೆ, ಎರಡು ತಲೆಯ ಕರುವನ್ನು ಹುಲ್ಲು ತುಂಬಿ ಇಟ್ಟ ಕೊಟ್ಟಿಗೆ, ಮೂರು ಆಳೆತ್ತರದ ಸಿಮೆಂಟಿನ ಹುಲ್ಲುಗಾವಲ ಹಕ್ಕಿ. ನೆಬ್ರಾಸ್ಕಾದಲ್ಲೇ ಹುಟ್ಟಿ ಅಲ್ಲೇ ಅರವತ್ತಮೂರು ವರ್ಷ ಕಳೆದ ಹೆಂಗಸು ಇದರಲ್ಲಿ ಮುಕ್ಕಾಲು ಪಾಲನ್ನು ಪೋಸ್ಟ್ ಕಾರ್ಡಿನಲ್ಲಷ್ಟೇ ನೋಡಿದ್ದಳು. ಪ್ರತಿ ಬೇಸಿಗೆಯಲ್ಲೂ ಹೋಗೋಣವೇ ಎಂದು ಒಮ್ಮೆ ಕೇಳುತ್ತಿದ್ದಳು. ವಾರವೆಲ್ಲ ಅದೇ ಫಲಕ ನೋಡಿ ಸಾಕಾಗಿದೆ ಎಂದು ಅವನು ಅನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಈ ಸಲ ಆ ನೆಪವೂ ಉಳಿದಿರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಪೆಟ್ರೋಲ್ ಹಾಕಿಸುವಾಗ ಪಟ್ಟಿ ಸೀಟಿನ ಮೇಲೆ ಮಗುಚಿ ಬಿದ್ದಿತ್ತು. ಎತ್ತಿಟ್ಟವನ ಕಣ್ಣು ಕೊನೆಯ ಸಾಲಿನ ಮೇಲೆ ನಿಂತಿತು. ಹದಿನಾಲ್ಕು: ಶಾಲೆ. ಬೇರೆ ಎಲ್ಲದಕ್ಕೂ ಊರು, ರಸ್ತೆಯ ನಂಬರು ಬರೆದಿದ್ದಳು. ಇದಕ್ಕೆ ಏನೂ ಇಲ್ಲ.

ಶಾಲೆ ಈಗಿಲ್ಲ. ಒಂದೇ ಕೋಣೆಯ ಆ ಮರದ ಕಟ್ಟಡವನ್ನು ಯಾವಾಗಲೋ ಕಿತ್ತು ಯಾರೋ ಜೋಳದ ಕಣಜ ಮಾಡಿಕೊಂಡರು. ಅಲ್ಲಿರುವುದು ಫಲಕ ಮಾತ್ರ, ಸಾವಿರದ ಒಂಬೈನೂರ ಅರವತ್ತಮೂರರ ಅಕ್ಟೋಬರಿನಲ್ಲಿ ನೆಟ್ಟದ್ದು, ಡೆಲ್ಮರ್ ಬರೆದ ಮೊಟ್ಟಮೊದಲ ಫಲಕ. ಅವರ ಮನೆಯಿಂದ ಇಪ್ಪತ್ತು ಮೈಲಿ. ಮೂವತ್ತನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಆ ರಸ್ತೆಯಲ್ಲಿ ಹೋದದ್ದಿಲ್ಲ. ಹೊಸ ಹೆದ್ದಾರಿ ಹತ್ತಿರ ಎಂದು ಅವನು ಅನ್ನುತ್ತಿದ್ದ. ಹೊಸ ಹೆದ್ದಾರಿ ಆರು ಮೈಲಿ ಸುತ್ತು ಎಂಬುದು ಅವಳಿಗೂ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಸಿಮೆಂಟಿನ ಹಕ್ಕಿಯ ಎದುರಿನ ಹೋಟೆಲಿನಲ್ಲಿ ಕೂತಿದ್ದರು. ಹಕ್ಕಿಯ ಹಳದಿ ಎದೆಯ ಬಣ್ಣ ಚಕ್ಕೆಯೆದ್ದಿತ್ತು, ಕೊಕ್ಕಿನ ಮೇಲೆ ನಿಜವಾದ ಗುಬ್ಬಚ್ಚಿಯೊಂದು ಕೂತಿತ್ತು. ಬಡಿಸುವ ಹೆಂಗಸು ಕಾಫಿ ತುಂಬಿ, ಚೆರ್ರಿ ಪೈ ಒಂದೇ ತುಂಡು ಉಳಿದಿದೆ, ತರಲೇ ಎಂದು ಆರ್ಡಿತ್‌ಳನ್ನು ಕೇಳಿದಳು. ಬೇಡಪ್ಪ, ಹೊಟ್ಟೆ ತುಂಬಿದೆ ಎಂದಳು ಆರ್ಡಿತ್. ಬೆಳಿಗ್ಗೆ ತಾನೇ ಮಾಡಿದ್ದು ಎಂದಳು ಆಕೆ. ಬೇರೆ ಯಾರಿಗಾದರೂ ಬೇಕಾಗುತ್ತೇನೋ ಎಂದಳು ಇವಳು. ಯಾರಿಗೂ ಬೇಡ, ಹಾಳಾಗಿಹೋಗುತ್ತೆ, ತಗೊಳ್ಳಿ ಎಂದಳು ಆಕೆ. ಅಷ್ಟು ಹೇಳ್ತಿದ್ದೀರಿ ಅಂದರೆ ಒಂದು ಚೂರು ಎಂದು ಆರ್ಡಿತ್ ಒಪ್ಪಿದಳು. ಇಡೀ ತುಂಡು ಬಂತು, ಇಡೀ ತುಂಡನ್ನು ತಿಂದಳು. ಇದರಲ್ಲಿ ಹೊಸದೇನೂ ಇರಲಿಲ್ಲ. ಈ ಬಯಲು ಸೀಮೆಯಲ್ಲಿ ಮೊದಲ ಸಲ ಕೇಳಿದಾಗ ಹೂಂ ಅನ್ನುವವರು ಪರವೂರಿನವರು ಮಾತ್ರ. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಸಂಕೋಚದಿಂದ ಕೈ ಚಾಚಬೇಕು. ಕೇಳುವವರಿಗೂ ಅದು ಗೊತ್ತಿರಬೇಕು. ಡೆಲ್ಮರನ ತಾಯಿ, ನೆರೆಯವಳೊಬ್ಬಳು ಒಂದೇ ಸಲ ಕೇಳಿ ಪೈ ತಟ್ಟೆಯನ್ನು ಒಳಗಿಟ್ಟಳೆಂದು ಹನ್ನೊಂದು ವರ್ಷ ಅವಳ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಂಥ ತಾಯಿಯ ಕೈಯಲ್ಲಿ ಬೆಳೆದವನು ಅವನು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಶಾಲೆಯ ಫಲಕ ಬರೆದ ದಿನ ಅಡಿಗೆಮನೆಯ ಮೇಜು, ಚೌಕುಳಿ ಕಾಗದ, ಪೆನ್ಸಿಲು. ಫಲಕಕ್ಕೆ ಹದಿನಾರು ಸಾಲು, ಸಾಲಿಗೆ ನಲವತ್ತೆರಡು ಮನೆ. ಮನೆಗೊಂದು ಅಕ್ಷರ, ಪದದ ನಡುವಿನ ಜಾಗಕ್ಕೂ ಒಂದು ಮನೆ. ಲೋಹದಲ್ಲಿ ಎರಕ ಹೊಯ್ಯುವವರು ಒಂದು ಅಕ್ಷರ ಹೆಚ್ಚಾದರೂ ಹಿಂದಕ್ಕೆ ಕಳಿಸುತ್ತಿದ್ದರು. ಆಗ ಅವನಿಗೆ ಮೂವತ್ತೊಂದು, ಕೆಲಸಕ್ಕೆ ಸೇರಿ ವರ್ಷ ತುಂಬಿತ್ತಷ್ಟೆ. ಟೀಚರ್ ಲೆನೋರಾ ಟ್ವೆಟ್ ಹಿಂದಿನ ವರ್ಷ ತೀರಿಕೊಂಡಿದ್ದರು. ನಲವತ್ತೊಂಬತ್ತರ ಜನವರಿಯ ಹಿಮಬಿರುಗಾಳಿಯಲ್ಲಿ ಅವರು ಶಾಲೆಯ ಮಕ್ಕಳನ್ನು ಬದುಕಿಸಿದ್ದು ಚರಿತ್ರೆಗೆ ಸೇರಲಿ ಎಂದು ಸಂಘ ತೀರ್ಮಾನಿಸಿತ್ತು. ಕಥೆ ಡೆಲ್ಮರನಿಗೆ ಬಾಯಿಪಾಠ. ಅವನ ಹೆಂಡತಿ ಆ ಹನ್ನೊಂದು ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವಳು, ಹದಿನೈದು ವರ್ಷದವಳು. ಕಿಟಕಿ ಒಡೆದು ಒಲೆ ಆರಿಹೋದಾಗ ಅರ್ಧ ಮೈಲಿ ಆಚೆಯ ಹೊಲದ ಮನೆಗೆ ಹೋಗುವುದೊಂದೇ ದಾರಿ. ಚಾಚಿದ ಕೈ ಕಾಣುತ್ತಿರಲಿಲ್ಲ. ಮುಳ್ಳುತಂತಿ ಬೇಲಿಯನ್ನು ತಡವಿಕೊಂಡು ಒಬ್ಬರು ಮುಂದೆ ಹೋಗಬೇಕು, ಉಳಿದವರು ಒಬ್ಬರ ಕೋಟನ್ನೊಬ್ಬರು ಹಿಡಿದುಕೊಳ್ಳಬೇಕು, ಯಾರೂ ಹಿಂದೆ ಬೀಳದಂತೆ ಟೀಚರ್ ಕೊನೆಯಲ್ಲಿ ಬರಬೇಕು. ಹಾಗೇ ಬಂದರು. ಮುಂದೆ ಹೋದವಳು ಆರ್ಡಿತ್ ಹೊಲೂಬ್. ಅರ್ಧ ದಾರಿಯಲ್ಲಿ ಎಡಗೈಯ ಗವಸು ಮುಳ್ಳಿಗೆ ಸಿಕ್ಕಿ ಕಿತ್ತುಹೋಯಿತು. ತಂತಿ ಬಿಟ್ಟರೆ ಎಲ್ಲರೂ ಹೋದಂತೆ. ಬಿಡಲಿಲ್ಲ. ಕಿರುಬೆರಳನ್ನೂ ಉಂಗುರದ ಬೆರಳನ್ನೂ ಫೆಬ್ರವರಿಯಲ್ಲಿ ಡಾಕ್ಟರು ತೆಗೆದರು. ಮದುವೆಯ ಉಂಗುರವನ್ನು ಅವಳು ಬಲಗೈಗೆ ಹಾಕಿಕೊಂಡದ್ದು ಅದಕ್ಕೇ.

ಹದಿನೈದು ಸಾಲು ತುಂಬಿತ್ತು. ಹದಿನಾರನೆಯದಕ್ಕೆ ಅವನ ಹತ್ತಿರ ಒಂದು ವಾಕ್ಯ ಇತ್ತು, ಬಸ್ಸಿನಲ್ಲಿ ಬರುವಾಗ ಹೊಳೆದದ್ದು: ಪೂರ್ವಜರ ಕೆಚ್ಚು ಆಕೆಯಲ್ಲಿ ಮತ್ತೆ ಉಸಿರಾಡಿತು. ಇಂಗ್ಲಿಷಿನಲ್ಲಿ ಎಣಿಸಿದರೆ ಸರಿಯಾಗಿ ನಲವತ್ತೆರಡು ಮನೆ. ಒಂದೂ ಖಾಲಿಯಿಲ್ಲ, ಒಂದೂ ಹೆಚ್ಚಿಲ್ಲ. ಆ ವಾಕ್ಯದ ಮೇಲೆ ಅವನಿಗೆ ಪ್ರೀತಿ ಹುಟ್ಟಿಬಿಟ್ಟಿತ್ತು. ಅದನ್ನು ತೆಗೆದರೆ ಹೆಸರಿಗೆ ಜಾಗವಾಗುತ್ತಿತ್ತು, ವಯಸ್ಸಿಗೂ ಸಹ. ಆರ್ಡಿತ್ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ನಿನ್ನ ಹೆಸರೂ ಹಾಕಲಾ ಎಂದು ಅವನು ಕೇಳಿದ. "ಅಯ್ಯೋ, ನಂದ್ಯಾಕೆ," ಎಂದಳು ಅವಳು, ತಿರುಗದೆ. "ಟೀಚರ್‌ದಿದ್ರೆ ಸಾಕು." ನಲ್ಲಿ ಸುರಿಯುತ್ತಿತ್ತು. ಅವಳ ಕೈಯಲ್ಲಿ ಒಂದೇ ತಟ್ಟೆ ಇತ್ತು, ಅದನ್ನೇ ತಿರುಗಿಸಿ ತಿರುಗಿಸಿ ತೊಳೆಯುತ್ತಿದ್ದಳು; ತೊಳೆದಾಗಿತ್ತು, ಆದರೂ ತೊಳೆಯುತ್ತಿದ್ದಳು. ಅವನು ನೋಡಿದ. ಅದು ಯಾವ ಕಾಯುವಿಕೆ ಎಂದು ಅವನಿಗೆ ಅರ್ಥವಾಗದೇ ಇರಲಿಲ್ಲ. ಸರಿ ಹಾಗಾದರೆ ಎಂದು ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಹದಿನಾರನೆಯ ಸಾಲನ್ನು ತುಂಬಿದ. ಸ್ವಂತ ಹೆಂಡತಿಯ ಹೆಸರು ಹಾಕಿದರೆ ಜನ ಆಡಿಕೊಳ್ಳುತ್ತಾರೆ ಎಂಬ ಸಮಾಧಾನವನ್ನು ಆಮೇಲೆ ಹುಡುಕಿಕೊಂಡದ್ದು. ನಿಜ ಹೇಳಬೇಕೆಂದರೆ ಅವನಿಗೆ ವಾಕ್ಯ ಬೇಕಿತ್ತು.

ಹೋಟೆಲಿನಿಂದ ಹೊರಟ ಮೇಲೆ ಕವಲಿನಲ್ಲಿ, ಎಲ್ಲಿಗೆ ಹೋಗ್ತಿದ್ದೀಯ, ಎಡಕ್ಕೆ ತಿರುಗಬೇಕು ಎಂದಳು ಆರ್ಡಿತ್. ಅವನು ಹೊಸ ಹೆದ್ದಾರಿಯ ಕಡೆಗೆ ಇಂಡಿಕೇಟರ್ ಹಾಕಿದ್ದ. ಇಂಜಿನ್ ಯಾಕೋ ಕಾದಂತಿದೆ ಎಂದ. ಬಿಸಿ ತೋರಿಸುವ ಮುಳ್ಳು ನಡುವಿನಲ್ಲಿ ತೆಪ್ಪಗೆ ನಿಂತಿತ್ತು. ಇಬ್ಬರೂ ಅದನ್ನು ನೋಡಿದರು. ಶಾಲೆಯ ಹತ್ತಿರ ಈಗ ಏನಿದೆ, ಬರೀ ಹುಲ್ಲು, ಇನ್ನೊಂದು ದಿನ ಬರೋಣ ಎಂದ. "ಹದಿಮೂರು ನೋಡಿ ಒಂದನ್ನ ಯಾಕೆ ಬಿಡೋಣ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಜಗಳ ತೆಗೆದು ಗೆದ್ದುಬಿಡುತ್ತಿದ್ದನೇನೋ. ಎಡಕ್ಕೆ ತಿರುಗಿದ. ರಸ್ತೆಯ ಎರಡೂ ಬದಿ ಗೋಧಿ ಕೊಯ್ಲಾಗಿ ಕೂಳೆ ಮಿಂಚುತ್ತಿತ್ತು, ದೂರದಲ್ಲಿ ಧೂಳೆಬ್ಬಿಸಿಕೊಂಡು ಒಂದು ಯಂತ್ರ ಹೋಗುತ್ತಿತ್ತು. ಬೇಲಿ ಶುರುವಾಯಿತು. ಕಂಬಗಳು ಹೊಸವು, ತಂತಿಯೂ ಹೊಸದು. ಆರ್ಡಿತ್ ಕಿಟಕಿ ಇಳಿಸಿ ಮುಂಗೈಯನ್ನು ಹೊರಗಿಟ್ಟಳು, ಗಾಳಿಗೆ.

ಫಲಕ ನೆಟ್ಟ ದಿನದ್ದು ಒಂದೇ ಒಂದು ನೆನಪನ್ನು ಡೆಲ್ಮರ್ ಒಳ್ಳೆಯದೆಂದು ಎತ್ತಿಟ್ಟುಕೊಂಡಿದ್ದ. ಅಕ್ಟೋಬರಿನ ಕೊನೆ, ಬಯಲಿನ ಗಾಳಿ ಮುಖ ಕೊಯ್ಯುತ್ತಿತ್ತು. ಕೌಂಟಿಯ ಇನ್ನೂರು ಜನ, ಬ್ಯಾಂಡಿನ ಹುಡುಗರು, ಫಲಕದ ಮೇಲೆ ಹೊದಿಸಿದ ಬೆಡ್‌ಶೀಟು. ಆರ್ಡಿತ್ ನೀಲಿ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದಳು, ಬರಿಗೈಯಲ್ಲಿ. ಬೇಸಿಗೆಯಲ್ಲೂ ಕೈಗವಸಿಲ್ಲದೆ ಚರ್ಚಿಗೆ ಹೋಗದ ಹೆಂಗಸು. ಎಡಗೈಯನ್ನು ಹೊಟ್ಟೆಯ ಮೇಲೆ, ಬಲಗೈಯ ಮೇಲಿಟ್ಟುಕೊಂಡು ನಿಂತಿದ್ದಳು, ಮೂರು ಬೆರಳೂ ಚಳಿಗೆ ಕೆಂಪಾಗಿದ್ದವು. ಶೀಟು ಸರಿಸುವ ಮುನ್ನ ಅವನಿಗದು ಕಣ್ಣಿಗೆ ಬಿತ್ತು. ಎಲ್ಲರೆದುರಿಗೆ, ಗ್ಲೌಸೇ ಮರೆತು ಬಂದಿದ್ದಾಳೆ ನೋಡಿ ನನ್ನ ಹೆಂಡತಿ ಎಂದು ನಗಿಸಿ, ತನ್ನ ಚರ್ಮದ ಕೈಗವಸು ಬಿಚ್ಚಿ ಅವಳಿಗೆ ತೊಡಿಸಿದ. ಒಂದಿಬ್ಬರು ಹೆಂಗಸರು ಎಂಥ ಗಂಡ ಅಂದರು. ಪೇಪರಿನ ಫೋಟೋದಲ್ಲಿ ಅವಳು ಆ ದೊಗಲೆ ಗವಸುಗಳಲ್ಲಿ ಚಪ್ಪಾಳೆ ತಟ್ಟುತ್ತಿದ್ದಾಳೆ. ಹೆಸರಿನ ವಿಷಯ ಕುಟುಕಿದಾಗಲೆಲ್ಲ ಅವನು ಈ ಗವಸುಗಳನ್ನು ನೆನೆಸಿಕೊಳ್ಳುತ್ತಿದ್ದ. ಎಷ್ಟಾದರೂ ಆ ದಿನ ಅವಳಿಗೆ ಚಳಿಯಾಗಲು ಬಿಡಲಿಲ್ಲವಲ್ಲ ಎಂದುಕೊಳ್ಳುತ್ತಿದ್ದ.

ಫಲಕದ ಮುಂದಿನ ಜಲ್ಲಿ ಹಾಸಿದ ಜಾಗದಲ್ಲಿ ದನ ಸಾಗಿಸುವ ಖಾಲಿ ಲಾರಿಯೊಂದು ನಿಂತಿತ್ತು. ಡ್ರೈವರ್ ಸುತ್ತಿಗೆಯಿಂದ ಟೈರುಗಳನ್ನು ಬಡಿದು ನೋಡುತ್ತಿದ್ದ, ಅರವತ್ತು ದಾಟಿದವನು, ಬಿಸಿಲಿಗೆ ಕತ್ತು ಬಿರುಕುಬಿಟ್ಟವನು. ಡೆಲ್ಮರನಿಗೆ ಈ ಸಲ ಟೈರಿನ ನೆಪವೂ ಉಳಿಯಲಿಲ್ಲ. ಆರ್ಡಿತ್ ಇಳಿದು ಟೋಪಿ ಒತ್ತಿ ಹಿಡಿದು ಓದಲು ಶುರು ಮಾಡಿದಳು. ಎಡಗೈಯ ಬೆರಳನ್ನು ಅಕ್ಷರಗಳ ಮೇಲಿಟ್ಟು ಸಾಲಿನಿಂದ ಸಾಲಿಗೆ ಜಾರಿಸುತ್ತ ಹೋದಳು. ಬೇರೆ ಯಾವ ಫಲಕವನ್ನೂ ಹಾಗೆ ಮುಟ್ಟಿರಲಿಲ್ಲ. "ಮಿಸ್ ಲೆನೋರಾ ಟ್ವೆಟ್ ಅವರು ಈ ಬೇಲಿಯ ಜಾಡು ಹಿಡಿದು ತಮ್ಮ ಹನ್ನೊಂದು ವಿದ್ಯಾರ್ಥಿಗಳನ್ನೂ ಕೂದಲು ಕೊಂಕದಂತೆ ಪಾರುಮಾಡಿದರು." ಕೂದಲು ಕೊಂಕದಂತೆ. ಅದನ್ನು ಬರೆದದ್ದು ಅವನಿಗೆ ಮರೆತೇ ಹೋಗಿತ್ತು. ಹೆಸರು ಬಿಟ್ಟದ್ದು ನೆನಪಿತ್ತು, ಇದು ಇರಲಿಲ್ಲ. ಹದಿಮೂರನೆಯ ಸಾಲಿನ ಮನೆಗಳಿಗೆ ಸರಿಹೊಂದಿತೆಂದು ಹಾಕಿದ್ದ. ಅವಳ ಬೆರಳು ಆ ಅಕ್ಷರಗಳ ಮೇಲೆ ತಡೆಯಲಿಲ್ಲ, ದನಿ ನಡುಗಲಿಲ್ಲ. ಕೋಟೆಯ ಬಗ್ಗೆ, ಎರಡು ತಲೆಯ ಕರುವಿನ ಬಗ್ಗೆ ಓದಿದಂತೆಯೇ ಓದಿ, ಪೂರ್ವಜರ ಕೆಚ್ಚನ್ನೂ ಓದಿ ಮುಗಿಸಿದಳು.

ಡ್ರೈವರ್ ಸುತ್ತಿಗೆ ಹೆಗಲಿಗಿಟ್ಟು ಹತ್ತಿರ ಬಂದಿದ್ದ. ಇಷ್ಟು ವರ್ಷ ಇಲ್ಲಿ ಲಾರಿ ನಿಲ್ಲಿಸಿದ್ದೇನೆ, ಇದರಲ್ಲಿ ಏನಿದೆ ಅಂತ ಇವತ್ತೇ ಗೊತ್ತಾದದ್ದು ಎಂದ. ಆಮೇಲೆ ಬೇಲಿಯನ್ನು ನೋಡಿದ, ಫಲಕವನ್ನು ನೋಡಿದ. "ಆದ್ರೆ ಮೇಡಂ, ತಂತಿ ಹಿಡ್ಕೊಂಡು ಮುಂದೆ ಹೋದೋರು ಯಾರು? ಟೀಚರಂತೂ ಹಿಂದೆ ಇದ್ದಿರ್ತಾರೆ. ಪುಟ್ಟ ಮಕ್ಕಳನ್ನ ಬೆನ್ನಿಗೆ ಬಿಟ್ಕೊಂಡು ಯಾರೂ ಮುಂದೆ ನಡೆಯಲ್ಲ."

"ಅದನ್ನ ಬರೆದಿಲ್ಲ," ಎಂದಳು ಆರ್ಡಿತ್. ಎಡಗೈಯನ್ನು ಸ್ಕರ್ಟಿನ ಜೇಬಿಗೆ ಇಳಿಬಿಟ್ಟಳು.

"ಬರೆದೋನು ಚಳೀಲಿ ಒಂದು ದಿನಾನೂ ತಂತಿ ಮುಟ್ಟಿಲ್ಲ ಬಿಡಿ," ಎಂದ ಡ್ರೈವರ್. ನಾನು ಹುಡುಗನಾಗಿದ್ದಾಗ ಹೀಗೇ ಒಂದು ಸಲ ತಂತಿ ಹಿಡಿದಿದ್ದೆ, ಅಂಗೈ ಚರ್ಮ ಅಲ್ಲೇ ಉಳಿಯಿತು ಎಂದು ಡೆಲ್ಮರನ ಕಡೆ ತಿರುಗಿ ಹೇಳಿದ, ಇಂಥದ್ದು ಗಂಡಸರಿಗೆ ಅರ್ಥವಾಗುತ್ತದೆ ಅನ್ನುವಂತೆ. ಡೆಲ್ಮರ್ ತಲೆಯಾಡಿಸಿದ. ಇವಳೇ ಅನ್ನಬೇಕಿತ್ತು. ಮೂರೇ ಮೂರು ಅಕ್ಷರ; ಅದಕ್ಕೆ ಮನೆ ಎಣಿಸಬೇಕಾಗಿರಲಿಲ್ಲ, ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆದರೆ ಇವಳೇ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ. ಮತ್ತೆ ಯಾಕೆ ಬರೆದಿಲ್ಲ, ಯಾರು ಬರೆದದ್ದು. ಗುರುತಿಲ್ಲದ ಒಬ್ಬ ಲಾರಿ ಡ್ರೈವರಿನ ಎದುರು ಸಣ್ಣವನಾಗುವುದಕ್ಕೆ ಹೆದರಿ ಅರವತ್ತೈದು ವರ್ಷದ ಗಂಡಸು ಬಾಯಿ ಮುಚ್ಚಿಕೊಂಡು ನಿಂತ. ಆರ್ಡಿತ್ ಅವನನ್ನು ನೋಡುತ್ತಿರಲಿಲ್ಲ. ಬೇಲಿಯ ಕಡೆ ನೋಡುತ್ತಿದ್ದಳು. ಕಾಯುತ್ತಿದ್ದಳೇ? ಅವಳ ಜೇಬಿನೊಳಗೆ ಕೈ ಆಡುತ್ತಿತ್ತು. ಡ್ರೈವರ್ ಟೋಪಿ ಮುಟ್ಟಿ ವಿದಾಯ ಹೇಳಿ ಲಾರಿ ಹತ್ತಿದ. ಲಾರಿ ಹೊರಳಿ ರಸ್ತೆಗೆ ಬಿದ್ದ ಮೇಲೆ ಡೆಲ್ಮರನ ಬಾಯಿ ತೆರೆಯಿತು, ಇವಳೇ ಎಂಬ ಮಾತು ನಿಜವಾಗಿಯೂ ಹೊರಗೆ ಬಂತು. ಜಲ್ಲಿಯ ಧೂಳು ಬಾಯಿಗೆ ಹೋಗಿ ಕೆಮ್ಮಿದ. ಆರ್ಡಿತ್ ಕಾರಿನಿಂದ ನೀರಿನ ಬಾಟಲಿ ತಂದು ಕೊಟ್ಟಳು.

ಕಾರು ಹೊರಟು ಒಂದು ಮೈಲಿಯಾಗಿತ್ತು. ಅವಳು ಪಟ್ಟಿ ತೆಗೆದು ಹದಿನಾಲ್ಕರ ಮುಂದೆ ಗುರುತು ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದಳು. ಹೊಸ ಫಲಕ ಹಾಕಿಸುವುದು ಕಷ್ಟವಲ್ಲ ಎಂದು ಅವನು ಯೋಚಿಸುತ್ತಿದ್ದ, ಸಂಘದಲ್ಲಿ ಇನ್ನೂ ನನ್ನ ಮಾತು ನಡೆಯುತ್ತದೆ, ಹದಿನಾರನೆಯ ಸಾಲನ್ನು ಕಿತ್ತು ಬಿಸಾಡಿದರಾಯಿತು. ಆ ಸಾಲನ್ನು ಈಗ ಕೇಳಿದಾಗ ಅದು ಎಷ್ಟು ಟೊಳ್ಳಾಗಿತ್ತೆಂದರೆ ಅವನಿಗೆ ಅಳು ಬರುವಂತಾಗಿತ್ತು. ಇದಕ್ಕಾಗಿ, ಈ ಸಾಲಿಗಾಗಿ. "ಫಲಕದಲ್ಲಿ ನಿನ್ನ ಹೆಸರು ಹಾಕಿಸ್ತೀನಿ," ಎಂದ. ಇದು ಎರಡನೆಯ ಸಲ ಎಂದು ಒಳಗೇ ಎಣಿಸಿಕೊಂಡ. ಮೊದಲನೆಯ ಸಲಕ್ಕೂ ಇದಕ್ಕೂ ನಡುವೆ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ, ಅವಳ ಮಕ್ಕಳೂ ಶಾಲೆಗೆ ಹೋಗುವಂತಾಗಿದ್ದರು.

"ಈಗ್ಯಾಕೆ," ಎಂದಳು ಆರ್ಡಿತ್. "ಅದು ಹಾಗೇ ಇರ್ಲಿ ಬಿಡು."

ಇದು ರೂಢಿಯ ಬೇಡವೋ ನಿಜವಾದ ಬೇಡವೋ ಅವನಿಗೆ ತಿಳಿಯಲಿಲ್ಲ. ನಲವತ್ತೊಂದು ವರ್ಷ ಜೊತೆಗೆ ಬಾಳಿದವನಿಗೆ ಅಷ್ಟು ತಿಳಿಯಬೇಕಿತ್ತು. ಬೆಳಿಗ್ಗೆ ಹೋಟೆಲಿನ ಹೆಂಗಸಿಗೆ ತಿಳಿದಿತ್ತು. ಕಾರಿನ ವೇಗ ತಾನಾಗಿಯೇ ಇಳಿಯಿತು, ಹಿಂದಿನಿಂದ ಬಂದ ಪಿಕಪ್ ಒಂದು ಹಾರ್ನ್ ಹೊಡೆದು ದಾಟಿಹೋಯಿತು. ಮೂರನೆಯ ಸಲಕ್ಕೆ ಅವನು ರಸ್ತೆಯ ಬದಿಗೆ ಸರಿದು ಕಾರು ನಿಲ್ಲಿಸಿದ, ಇಂಜಿನ್ ಆರಿಸಿದ, ಅವಳ ಕಡೆಗೆ ಪೂರ್ತಿ ತಿರುಗಿದ. "ಹಾಕಿಸ್ಲಾ, ಆರ್ಡಿತ್? ನಾನು ಕೇಳ್ತಿದ್ದೀನಿ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಕೋಪವಾಗಲಿ ತಾತ್ಸಾರವಾಗಲಿ ಅಲ್ಲಿರಲಿಲ್ಲ. ಯಾವುದೋ ಫಲಕದ ಮುಂದೆ ನಿಂತು, ಇದನ್ನು ಓದಬೇಕೋ ಬೇಡವೋ ಎಂದು ಯೋಚಿಸುವವಳ ಹಾಗಿದ್ದಳು.

"ಅವತ್ತು ನಾನು ಗ್ಲೌಸ್ ಮರೆತಿರ್ಲಿಲ್ಲ ಡೆಲ್ಮರ್," ಎಂದಳು. "ಮನೇಲೇ ಬಿಟ್ಟು ಬಂದಿದ್ದೆ. ನಾನು ಬೇಡ ಅಂದಿದ್ದೆನಲ್ಲ, ಅದಕ್ಕೆ ನೀನು ನಂಗೆ ಹೇಳದೆ ಹೆಸರು ಹಾಕಿರ್ತೀಯ ಅಂದ್ಕೊಂಡಿದ್ದೆ. ಶೀಟು ಸರಿಸ್ದಾಗ ಜನ ನನ್ನ ಕೈ ನೋಡ್ತಾರಲ್ಲ, ನೋಡ್ಲಿ ಅಂತ."

ಆಮೇಲೆ ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಅವನು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ. ಅವನು ಕಾರು ಶುರು ಮಾಡಿದ. ನಾಲ್ಕನೆಯ ಸಲ ಕೇಳುವ ರೂಢಿ ಆ ಸೀಮೆಯಲ್ಲಿ ಇರಲಿಲ್ಲ.